ಚಾವಣಿಯ ಎಲುಬು

ನಮ್ಮ ಗ್ಯಾರೇಜಿನಲ್ಲಿ ತೂಕ ಇಳಿದರೆ ಹಬ್ಬ. ಕಾರಿನ ತೂಕವಾದರೂ ಆಯಿತು, ನನ್ನದಾದರೂ ಆಯಿತು. ಬೆಳಗಾವಿಯ ಫೌಂಡ್ರಿಗಳ ನಡುವೆ, ಮನೆಯ ಹಿತ್ತಲಿಗೆ ಅಂಟಿಕೊಂಡ ಶೆಡ್ಡಿನಲ್ಲಿ ನಾನು, ಧರಣೇಂದ್ರ ಚೌಗುಲೆ, ಹತ್ತೊಂಬತ್ತು ವರ್ಷದಿಂದ ರ‍್ಯಾಲಿ ಕಾರು ಕಟ್ಟುತ್ತಿದ್ದೇನೆ. ಕಟ್ಟುವುದಕ್ಕಿಂತ ಮೊದಲು ಬಿಚ್ಚುವುದೇ ದೊಡ್ಡ ಕೆಲಸ. ಶೋರೂಮಿನಿಂದ ಬಂದ ಕಾರಿನ ಸೀಟು, ನೆಲಹಾಸು, ಬಾಗಿಲಿನ ಒಳಹೊದಿಕೆ, ಹಾಡಿನ ಪೆಟ್ಟಿಗೆ ಎಲ್ಲ ಕಿತ್ತು ಬರಿಯ ತಗಡಿನ ಡಬ್ಬ ಮಾಡುತ್ತೇವೆ. ಆಮೇಲೆ ಆ ಡಬ್ಬದ ಮೂಲೆ ಮೂಲೆಗೂ ಮತ್ತೆ ಬೆಸುಗೆ ಹಾಕಿ, ಒಳಗೆ ಉಕ್ಕಿನ ಕೊಳವೆಗಳ ಒಂದು ಪಂಜರ ಕೂರಿಸುತ್ತೇವೆ. ಕಾರು ಮಗುಚಿ ಬಿದ್ದರೆ ಒಳಗಿನವರ ತಲೆ ಕಾಯುವುದು ಆ ಪಂಜರ.

ಕಾರು ಓಡಿಸುವವಳು ನನ್ನ ಹೆಂಡತಿ ತ್ರಿಶಲಾ. ಪಕ್ಕದ ಸೀಟಿನಲ್ಲಿ ಕೂತು, ಮುಂದೆ ಬರುವ ತಿರುವುಗಳನ್ನು ಟಿಪ್ಪಣಿ ನೋಡಿ ಓದಿ ಹೇಳುವವನು ನಾನು. ಮದುವೆಯಾದ ಮೇಲೆ ಆಕೆ ನನ್ನ ಮಾತು ಕೇಳುವುದು ಅಲ್ಲೊಂದೇ ಕಡೆ. ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಕಾರಿನಿಂದ ಇಳಿದರೆ ಮುಗಿಯಿತು, ಟಿಪ್ಪಣಿ ಪುಸ್ತಕ ಆಕೆಯ ಕೈಗೆ ಹೋಗುತ್ತದೆ.

ಪೆಟ್ರೋಲಿನ ಕಾಲ ಮುಗಿದು ಬ್ಯಾಟರಿ ಕಾರುಗಳು ಬಂದಮೇಲೆ ತೂಕದ ಹುಚ್ಚು ಇನ್ನೂ ತಲೆಗೇರಿತು. ನಾನೂರು ಕೆಜಿ ಬ್ಯಾಟರಿ ಹೊತ್ತು ಓಡುವ ಕಾರಿನಲ್ಲಿ ಬೇರೆ ಎಲ್ಲಾದರೂ ಅರ್ಧ ಕೆಜಿ ಉಳಿಸಿದರೂ ಉಳಿಸಿದ ಹಾಗೆಯೇ. ಬಾಗಿಲಿನ ಹಿಡಿಕೆ ತೆಗೆದು ಪಟ್ಟಿ ಕಟ್ಟಿದೆವು. ಗಾಜಿನ ಬದಲು ಪ್ಲಾಸ್ಟಿಕ್ ಹಾಕಿದೆವು. ಕೊನೆಗೆ ತ್ರಿಶಲಾಳ ಕಣ್ಣು ನನ್ನ ಹೊಟ್ಟೆಯ ಮೇಲೆ ಬಿತ್ತು, ರಾತ್ರಿಯ ಎರಡು ರೊಟ್ಟಿಗೆ ಕತ್ತರಿ ಬಿತ್ತು. ಐದು ವರ್ಷದಿಂದ ಸತತವಾಗಿ ಎರಡನೇ ಸ್ಥಾನಕ್ಕೆ ಬಂದವಳು ಆಕೆ. ನಲವತ್ತೊಂದು ವಯಸ್ಸು. ಈ ವರ್ಷ ಬಿಟ್ಟರೆ ಇಲ್ಲ ಎಂದು ಆಕೆಯೇ ನಿರ್ಧಾರ ಮಾಡಿಕೊಂಡಿದ್ದಳು.

ಇಂಥ ಹೊತ್ತಿನಲ್ಲಿ ನಸ್ರೀನ್ ಬಾಗವಾನ ನಮ್ಮ ಶೆಡ್ಡಿಗೆ ಬಂದಳು. ಲೋಹಶಾಸ್ತ್ರ ಓದಿದವಳು, ಎರಡು ಗಲ್ಲಿ ಆಚೆ ಹಳೆಯ ಫೌಂಡ್ರಿಯೊಂದರಲ್ಲಿ ಪ್ರಯೋಗಾಲಯ ಮಾಡಿಕೊಂಡಿದ್ದಳು. ಬಂದವಳೇ ನಮ್ಮ ಪಂಜರಕ್ಕೆ ಒರಗಿ ಒಂದು ಪ್ರಶ್ನೆ ಕೇಳಿದಳು.

"ಧರಣೇಂದ್ರಣ್ಣ, ಈ ಕೊಳವೆ ಎಲುಬಿನಂಗ ಇದ್ದರ ಹೆಂಗ?"

ಎಲುಬು ಹೇಗಿರುತ್ತದೆ ಎಂದು ಆಮೇಲೆ ಆಕೆಯೇ ವಿವರಿಸಿದಳು. ಮೂಟೆ ಹೊರುವವನ ಭುಜದ ಎಲುಬು ದಪ್ಪವಾಗುತ್ತದೆ. ತಿಂಗಳುಗಟ್ಟಲೆ ಮಲಗಿದವನ ಕಾಲಿನ ಎಲುಬು ಸವೆಯುತ್ತದೆ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಬೆಳೆಯುವುದು, ಎಲ್ಲಿ ಬೀಳುವುದಿಲ್ಲವೋ ಅಲ್ಲಿ ಕರಗುವುದು ದೇಹದ ಜಾಣತನ. ಅದನ್ನೇ ಆಕೆ ಉಕ್ಕಿಗೆ ಕಲಿಸಿದ್ದಳು. ಕೊಳವೆಯ ಒಳಮೈಗೆ ಒಂದು ಲೇಪ, ಲೇಪದ ಒಳಗೆ ಕಬ್ಬಿಣ ಕರಗಿದ ಒಂದು ರಸ. ಕಾರು ಕುಲುಕಿದಾಗ ಕೊಳವೆ ಎಲ್ಲಿ ಬಳುಕುತ್ತದೋ ಅಲ್ಲಿ ಲೇಪದಲ್ಲಿ ಚಿಟಿಕೆಯಷ್ಟು ವಿದ್ಯುತ್ ಹುಟ್ಟುತ್ತದೆ, ಪಾತ್ರೆಗೆ ಬೆಳ್ಳಿಯ ಮುಲಾಮು ಕೂರುವಂತೆ ರಸದಲ್ಲಿನ ಲೋಹ ಅಲ್ಲಿ ಕೂರುತ್ತದೆ. ಬಳುಕದ ಕಡೆಯಿಂದ ರಸ ಲೋಹವನ್ನು ಮೆಲ್ಲಗೆ ವಾಪಸು ತೆಗೆದುಕೊಳ್ಳುತ್ತದೆ. ಆಕೆ ಅದಕ್ಕೆ ಎಲುಬುಕ್ಕು ಎಂದು ಹೆಸರಿಟ್ಟಿದ್ದಳು.

ರ‍್ಯಾಲಿ ನಡೆಸುವವರ ತಾಂತ್ರಿಕ ಸಮಿತಿಯ ಮಂಜೂರಾತಿ ಸಿಕ್ಕ ದಿನವೇ ಪಂಜರ ಕಟ್ಟಲು ಶುರುಮಾಡಿದೆ. ಹೊಸ ಲೋಹವಾದರೂ ಕಟ್ಟುವ ಕ್ರಮ ಹಳೆಯದೇ. ಚಾವಣಿಯ ತಗಡನ್ನು ಕಳಚಿಟ್ಟು, ಮೇಲಿನಿಂದ ಕೈಹಾಕಿ, ಪ್ರತಿ ಕೀಲಿಗೂ ಸುತ್ತಲೂ ಬೆಸುಗೆ ಹಾಕಿದೆ. ಬೆಸುಗೆ ಆರಿದ ಮೇಲೆ ನಸ್ರೀನ್ ಕೊಳವೆಗಳ ಒಳಗೆ ಲೇಪ ಹರಿಸಿದಳು. ತಗಡು ಕಳಚಲು ಬೇಸರ ಪಡುವವರು ಮೇಲ್ಭಾಗದ ಬೆಸುಗೆ ಬಿಟ್ಟು ಸಂದು ಮುಚ್ಚುವ ಲಾಂಬಿ ಮೆತ್ತಿ ಬಣ್ಣ ಹೊಡೆಯುತ್ತಾರೆ. ನಾನು ಅಂಥವನಲ್ಲ ಎಂಬ ಜಂಬ ನನಗೆ ಬಹಳ ಇತ್ತು.

ಎರಡು ತಿಂಗಳು ಖಾನಾಪುರದ ಕೆಂಪು ದಾರಿಗಳಲ್ಲಿ ಅಭ್ಯಾಸ ನಡೆಯಿತು. ವಾರಕ್ಕೊಮ್ಮೆ ನಸ್ರೀನ್ ಲೇಪದಲ್ಲಿನ ಹಳೆಯ ರಸ ಬಸಿದು ಹೊಸದು ತುಂಬಿ, ಪಂಜರಕ್ಕೆ ಕೂರಿಸಿದ ಮಾಪಕದ ಹಸಿರು ದೀಪಗಳನ್ನು ನೋಡಿ, ಕಾರು ತೂಗುತ್ತಿದ್ದಳು. ಅರವತ್ತೆರಡು ಕೆಜಿ ಇದ್ದ ಪಂಜರ ಐವತ್ತೆಂಟಾಯಿತು, ಐವತ್ನಾಲ್ಕಾಯಿತು, ನಲವತ್ತೊಂಬತ್ತಾಯಿತು. ಚಕ್ರದ ಏಟು ತಾಗುವ ಬುಡದ ಕೊಳವೆಗಳು ಮೊದಲಿಗಿಂತ ಗಟ್ಟಿ, ಒಟ್ಟು ತೂಕ ಮಾತ್ರ ಕಡಿಮೆ. ಪ್ರತಿ ಕೆಜಿ ಇಳಿದಾಗಲೂ ನಾವು ಇಡೀ ಗಲ್ಲಿಗೆ ಹಾಲಿನ ಸಿಹಿ ಕುಂದಾ ಹಂಚಿದೆವು. ಕಾರು ಇಳಿಸಿದ ತೂಕವನ್ನು ಗಲ್ಲಿಯ ಜನ ಏರಿಸಿಕೊಂಡರು.

ಮನೆಯಲ್ಲಿ ಅವ್ವ ಒಂದು ದಿನ ಕುಂದಾದ ಡಬ್ಬಿ ಮುಚ್ಚುತ್ತ ಕೇಳಿದಳು: "ಕಬ್ಬಿಣ ಎಲ್ಲಿಗ್ಯೋ ಹೋತಲ್ಲ, ಎಲ್ಲಿಂದ ಹೋತದು?"

"ಬ್ಯಾಡಾದ ಕಡಿಯಿಂದ ಹೋಗೇತಿ ಅವ್ವಾ," ಎಂದೆ.

"ಯಾವುದ್ ಬ್ಯಾಡ ಅಂತ ಅದಕ್ಕ ಯಾರ್ ಹೇಳ್ಯಾರ?"

ನಾನು ನಕ್ಕೆ. ತ್ರಿಶಲಾ ಕೂಡ ನಕ್ಕಳು. ಆ ಪ್ರಶ್ನೆಗೆ ಅವತ್ತೇ ಉತ್ತರ ಹುಡುಕಿದ್ದರೆ ಮುಂದಿನ ಫಜೀತಿ ಇರುತ್ತಿರಲಿಲ್ಲ. ತೂಕ ಇಳಿಯಿತೆಂಬ ಖುಷಿಯಲ್ಲಿ ನಮಗೆ ಕಿವಿಯೇ ಇರಲಿಲ್ಲ.

ಋತುವಿನ ಮೊದಲ ರ‍್ಯಾಲಿಯ ಹಿಂದಿನ ದಿನ ಕಾರುಗಳ ತಪಾಸಣೆ. ಆ ಸಲ ಬಂದ ತಪಾಸಕ ಮೌನಪ್ಪ ಬಡಿಗೇರ, ನಿವೃತ್ತ ಐಟಿಐ ಮಾಸ್ತರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಅಳತೆಯ ಗೇಜು. ಪಂಜರದ ಕೊಳವೆಯ ದಪ್ಪ ನೋಡಲು ಕಟ್ಟಿದವರೇ ಒಂದು ಸಣ್ಣ ತೂತು ಕೊರೆದು, ತಿರುಪು ಹಾಕಿ ಮುಚ್ಚಿಟ್ಟಿರುವುದು ರೂಢಿ. ತಪಾಸಕರು ತಿರುಪು ಬಿಚ್ಚಿ, ಗೇಜು ತೂರಿಸಿ, ಸರಿ ಎಂದು ಸಹಿ ಹಾಕಿ ಮುಂದೆ ಹೋಗುತ್ತಾರೆ. ನಮ್ಮ ತೂತು ಸೀಟಿನ ಹಿಂದೆ, ಕೈಗೆ ಸುಲಭವಾಗಿ ಸಿಗುವ ಬುಡದಲ್ಲಿತ್ತು. ಬಡಿಗೇರ ಮಾಸ್ತರ ಅದನ್ನು ನೋಡಿದರು, ಮುಟ್ಟಲಿಲ್ಲ. ಬೆರಳಿನ ಗೆಣ್ಣಿನಿಂದ ಬುಡದ ಕೊಳವೆಗೆ ಒಮ್ಮೆ ತಟ್ಟಿದರು, ಚಾವಣಿಯ ಕೊಳವೆಗೆ ಒಮ್ಮೆ ತಟ್ಟಿದರು. ಮತ್ತೆ ಚಾವಣಿಗೆ ತಟ್ಟಿದರು.

"ಇಲ್ಲಿ ಕೊರೀಬೇಕ್ರಿ," ಎಂದರು.

"ತೂತ ಐತೆಲ್ರಿ ಸರ," ಎಂದೆ.

"ಅದು ನೀವ್ ಕೊರದಿದ್ದು. ನನಗ ಇಲ್ಲಿಂದು ಬೇಕು."

ತ್ರಿಶಲಾಗೆ ಸಿಟ್ಟು ನೆತ್ತಿಗೇರಿತು. ಮಂಜೂರಾತಿ ಪತ್ರ ತಂದು ಅವರ ಮುಖದ ಮುಂದೆ ಹಿಡಿದಳು. ಪಂಜರದ ಮಾಪಕದಲ್ಲಿ ಎಲ್ಲ ಹಸಿರು ದೀಪ ಉರಿಯುತ್ತಿವೆ ಎಂದಳು. ಹೊಸದು ಕಂಡರೆ ಹಳಬರಿಗೆ ಹೊಟ್ಟೆಯುರಿ ಎಂದೂ ಅಂದಳು. ನಾನೂ ಸುಮ್ಮನಿರಲಿಲ್ಲ. ಏನೇನು ಅಂದೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಡ್ರಿಲ್ಲಿಗೆ ಐದು ಮಿಲಿಮೀಟರಿನ ಮೊನೆ ಹಾಕಿ ಚಾವಣಿಗೆ ಹಿಡಿದರು. ಮೊನೆ ಬೆಣ್ಣೆಯಲ್ಲಿ ಇಳಿದಂತೆ ಇಳಿದುಹೋಯಿತು.

ಇರಬೇಕಾದ ದಪ್ಪ ಎರಡೂವರೆ ಮಿಲಿಮೀಟರ್. ಗೇಜು ತೋರಿಸಿದ್ದು ಸೊನ್ನೆ ಬಿಂದು ಒಂಬತ್ತು.

ಎಣ್ಣೆ ಡಬ್ಬಿಯ ತಗಡು ಸ್ವಲ್ಪ ದಪ್ಪ ಮಾಡಿದರೆ ಎಷ್ಟಿರುತ್ತದೋ ಅಷ್ಟು. ಎರಡು ತಿಂಗಳು ನಾವಿಬ್ಬರೂ ಅದರ ಕೆಳಗೆ ಕೂತು ಗಂಟೆಗೆ ನೂರೈವತ್ತು ಕಿಲೋಮೀಟರ್ ವೇಗದಲ್ಲಿ ಓಡಿದ್ದೆವು. ತ್ರಿಶಲಾ ಕೈಯಲ್ಲಿದ್ದ ಪತ್ರವನ್ನು ಮಡಚಿದಳು, ಮತ್ತೆ ಮಡಚಿದಳು. ಮಾಸ್ತರ ಫಾರ್ಮಿನಲ್ಲಿ ತಿರಸ್ಕೃತ ಎಂದು ಬರೆದು ಸಹಿ ಹಾಕಿದರು.

"ಮುಂದಿನ ಸುತ್ತಿನ ತಪಾಸಣಿ ಹದಿನಾಕ ದಿನಕ್ಕ ಐತಿ. ಸರಿ ಮಾಡ್ಕೊಂಡ ಬರ್ರಿ," ಎಂದು ಮುಂದಿನ ಕಾರಿನ ಕಡೆ ನಡೆದರು.

ನಸ್ರೀನಳ ಪ್ರಯೋಗಾಲಯದಲ್ಲಿ ಆವತ್ತು ಮಧ್ಯಾಹ್ನ ಯಾರೂ ಚಹಾ ಕುಡಿಯಲಿಲ್ಲ. ಆಕೆ ತಲೆ ಮೇಲೆ ಕೈಹೊತ್ತು ಕೂತಿದ್ದಳು. ಹೊರಗಿನಿಂದ ದಪ್ಪ ಅಳೆಯುವ ಆಕೆಯ ಯಂತ್ರ ಉಕ್ಕನ್ನೂ ಒಳಗಿನ ಲೇಪವನ್ನೂ ಸೇರಿಸಿ ಲೆಕ್ಕ ಹಿಡಿದಿತ್ತು. ಹಸಿರು ದೀಪಗಳು ಹೇಳುತ್ತಿದ್ದುದು ಒತ್ತಡ ಇಲ್ಲ ಎಂದು ಮಾತ್ರ, ಬಲ ಇದೆ ಎಂದಲ್ಲ. ಚಾವಣಿಗೆ ಭಾರ ಬೀಳುವುದು ಕಾರು ಮಗುಚಿದಾಗ. ತ್ರಿಶಲಾ ಒಮ್ಮೆಯೂ ಮಗುಚಿಸಿರಲಿಲ್ಲ. ಆದ್ದರಿಂದ ಚಾವಣಿ ಬೇಡವೆಂದು ಉಕ್ಕು ತಾನೇ ತೀರ್ಮಾನಿಸಿ ಕರಗುತ್ತ ಬಂದಿತ್ತು.

"ಅಂದ್ರ ನಾ ಚೊಲೋ ಗಾಡಿ ಓಡಿಸಿದ್ದಕ್ಕ ನಮ್ಮ ತಲಿ ಮ್ಯಾಲಿಂದು ಸವದೈತಿ," ಎಂದಳು ತ್ರಿಶಲಾ.

"ಹೌದಕ್ಕ," ಎಂದಳು ನಸ್ರೀನ್. ಆಕೆಯ ಕಣ್ಣು ತುಂಬಿತ್ತು. "ನಾ ಎಲುಬು ಅಷ್ಟ ಮಾಡಿದೆ. ಬೀಳಬಹುದು ಅನ್ನೂ ಹೆದರಿಕಿ ಅದಕ್ಕ ಹಾಕಲಿಲ್ಲ."

ಬೇರೆ ಉಕ್ಕಿನ ಕೊಳವೆ ಬೆಸೆದುಬಿಡೋಣವೆಂದರೆ ಬೆಸುಗೆಯ ಬಿಸಿಗೆ ಲೇಪ ಸುಟ್ಟುಹೋಗುತ್ತದೆ. ಮೇಲಾಗಿ ಮಂಜೂರಾದ ಪಂಜರಕ್ಕೆ ಹೊಸ ಕೊಳವೆ ಸೇರಿಸಿದರೆ ಮಂಜೂರಾತಿಗೆ ಮತ್ತೆ ಆರು ತಿಂಗಳು ಕಾಯಬೇಕು. ಉಳಿದದ್ದು ಒಂದೇ ದಾರಿ. ಕರಗಿದ ಉಕ್ಕನ್ನು ಮತ್ತೆ ಬೆಳೆಸಬೇಕು. ಅದಕ್ಕೆ ಚಾವಣಿಗೆ ಏಟು ಬೀಳಬೇಕು.

ಮಾಸ್ತರರ ತೂತಿಗೆ ತಿರುಪು ಹಾಕಿ, ಹೊಸ ರಸ ತುಂಬಿ, ಚಾವಣಿಯ ತಗಡು ಕಳಚಿ, ಮೇಲೊಂದು ಯಂತ್ರದ ಸುತ್ತಿಗೆ ಕಟ್ಟಿದೆವು. ನಿಮಿಷಕ್ಕೆ ಅರವತ್ತು ಏಟು, ಮೂರು ದಿನ, ಒಂದೇ ಸಮ. ಮೂರನೇ ದಿನ ಗೇಜು ಹಾಕಿದರೆ ಸೊನ್ನೆ ಬಿಂದು ಒಂಬತ್ತಿದ್ದದ್ದು ಒಂದು ಆಗಿತ್ತು. ಕೂದಲೆಳೆಯಷ್ಟು. ನಸ್ರೀನ್ ಪುಸ್ತಕ ತಿರುವಿ ಹೇಳಿದಳು, ಎಲುಬು ಕೂಡ ಹೀಗೇ, ಒಂದೇ ತಾಳದ ಏಟಿಗೆ ಬೇಗ ಒಗ್ಗಿಹೋಗುತ್ತದೆ, ಆಮೇಲೆ ಕಿವಿಗೊಡುವುದಿಲ್ಲ. ಏಟು ಹೆಚ್ಚುಕಡಿಮೆ ಇರಬೇಕು, ನಡುನಡುವೆ ವಿರಾಮ ಬೇಕು. ಅಂಥ ಯಂತ್ರ ಮಾಡಲು ಇನ್ನೊಂದು ತಿಂಗಳು ಬೇಕಿತ್ತು. ಉಳಿದಿದ್ದು ಹನ್ನೊಂದು ದಿನ.

ಮನೆಗೆ ಬಂದರೆ ಹಿತ್ತಲಲ್ಲಿ ಅವ್ವ ಖಾರ ಕುಟ್ಟಿಸುತ್ತಿದ್ದಳು. ಬೇಸಿಗೆ ಬಂತೆಂದರೆ ನಮ್ಮ ಗಲ್ಲಿಯಲ್ಲಿ ಇಡೀ ವರ್ಷದ ಮಸಾಲೆ ಖಾರ ಹೀಗೇ ಆಗುತ್ತದೆ. ಗಿರಣಿ ಪಕ್ಕದಲ್ಲೇ ಇದ್ದರೂ ಅವ್ವನ ಸಮವಯಸ್ಕರು ಒಪ್ಪುವುದಿಲ್ಲ, ಗಿರಣಿಯ ಬಿಸಿಗೆ ಖಾರದ ಘಮ ಹೋಗುತ್ತದಂತೆ. ಒಂದೇ ಒರಳಿಗೆ ಮೂವರು ನಿಂತು ಒಬ್ಬರ ಬಳಿಕ ಒಬ್ಬರು ಒನಕೆ ಹಾಕುತ್ತಾರೆ. ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಎದುರು ಮನೆಯ ರಾಜಮತಿಯ ಏಟು ಜೋರು. ಮೂಲೆ ಮನೆಯ ಕಾಶವ್ವನದು ಹಗುರ, ಆಕೆಗೆ ಎಪ್ಪತ್ತು ದಾಟಿತ್ತು. ಯಾರದಾದರೂ ಸೊಸೆಯ ಸುದ್ದಿ ಬಂದರೆ ಕೈ ನಿಲ್ಲುತ್ತದೆ, ಸುದ್ದಿ ಮುಗಿದರೆ ಮತ್ತೆ ಶುರು.

ನಸ್ರೀನ್ ನಮ್ಮ ಹಿಂದೆಯೇ ಬಂದಿದ್ದಳು. ಬಾಗಿಲಲ್ಲೇ ನಿಂತು ಐದು ನಿಮಿಷ ಕೇಳಿದಳು. ಗಡಿಯಾರ ನೋಡಿದಳು, ಕೈಬೆರಳಲ್ಲಿ ಎಣಿಸಿದಳು. ಆಮೇಲೆ ಸೀದಾ ಹೋಗಿ ಅವ್ವನ ಮುಂದೆ ಕೂತಳು.

"ಅಮ್ಮಾರ, ಇದನ್ನ ನಮ್ಮ ಗಾಡಿ ಮ್ಯಾಲ ಕುಟ್ಟತೀರೇನ್ರಿ?"

ಅವ್ವ ಒನಕೆ ಕೆಳಗಿಟ್ಟು ನನ್ನ ಮುಖ ನೋಡಿದಳು. ತಪಾಸಣೆಯಲ್ಲಿ ಏನಾಯಿತೆಂದು ಆಕೆಗೆ ನಾವು ಹೇಳಿರಲಿಲ್ಲ. ಈಗ ಹೇಳಬೇಕಾಯಿತು. ಎಲ್ಲ ಕೇಳಿದ ಮೇಲೆ ನನಗೆ ಬೈಯುತ್ತಾಳೆ, ಈ ಓಟವೇ ಬೇಡ ಅನ್ನುತ್ತಾಳೆ ಎಂದುಕೊಂಡೆ. ಆಕೆ ತ್ರಿಶಲಾಳ ಕಡೆ ತಿರುಗಿದಳು.

"ನೀ ಹೋಗಾಕಿನ ಏನು?"

"ಗಟ್ಟಿ ಆದ್ರ ಹೋಗತೇನ್ರಿ ಅತ್ತಿ. ಆಗದಿದ್ದರ ಇಲ್ಲ."

"ಹಂಗಾರ ಖಾರ ಮುಂದಿನ ವಾರ ಆಗಲಿ," ಎಂದಳು ಅವ್ವ. "ರಾಜಮತೀ, ನಿನ್ನ ಒನಕಿ ತಗೊಂಡ ಬಾ."

ಶೆಡ್ಡಿನಲ್ಲಿ ಕಾರಿನ ಎರಡೂ ಬದಿಗೆ ಹಲಗೆ ಕಟ್ಟಿದೆ. ಒನಕೆಗಳ ತುದಿಗೆ ಹಳೆಯ ಟಯರಿನ ರಬ್ಬರು ಸುತ್ತಿದೆ. ಚಾವಣಿಯ ನಾಲ್ಕು ಮೂಲೆ, ನಡುವೆ ಒಂದು ಅಡ್ಡ ಕೊಳವೆ. ಒಬ್ಬೊಬ್ಬರಿಗೆ ಒಂದೊಂದು ಜಾಗ. ಮುಂದಿನ ಬಲಮೂಲೆ ರಾಜಮತಿ ಕಾಕುವಿಗೆ, ಮುಂದಿನ ಎಡ ಅವ್ವನಿಗೆ, ಹಿಂದಿನ ಎಡ ಕಾಶವ್ವನಿಗೆ. ಹಿಂದಿನ ಬಲಮೂಲೆ ಮತ್ತು ನಡುವಿನ ಕೊಳವೆ ಗಲ್ಲಿಯ ಉಳಿದವರ ಪಾಲಿಗೆ, ಸರದಿಯಂತೆ. ಕಾಶವ್ವನಿಗೆ ಇದು ಬೇಡವೆಂದು ನಾನು ಹೇಳಿನೋಡಿದೆ. "ಹತ್ತ ವರ್ಷದಿಂದ ನಿಮ್ಮ ಮನಿ ಕುಂದಾ ತಿನ್ನಾಕತ್ತೇನಿ, ಈಗ ಬ್ಯಾಡ ಅನ್ನಾವ ನೀ ಯಾರು?" ಎಂದು ಹಲಗೆ ಹತ್ತಿಯೇ ಬಿಟ್ಟಳು.

ಬೆಳಗ್ಗೆ ಮನೆಗೆಲಸ ಮುಗಿಸಿ ಎರಡು ತಾಸು, ಸಂಜೆ ಎರಡು ತಾಸು. ಕುಟ್ಟುತ್ತಿದ್ದರು, ನಿಲ್ಲಿಸಿ ಹರಟುತ್ತಿದ್ದರು, ನಗುತ್ತಿದ್ದರು, ಮತ್ತೆ ಕುಟ್ಟುತ್ತಿದ್ದರು. ನಸ್ರೀನ್ ಕೆಳಗೆ ಕೂತು ಗೇಜು ಹಾಕಿ ಬರೆದುಕೊಳ್ಳುತ್ತಿದ್ದಳು. ಒಂದು ದಿನಕ್ಕೆ ಒಂದು ಬಿಂದು ಎರಡು. ಎರಡನೇ ದಿನಕ್ಕೆ ಒಂದು ಬಿಂದು ಮೂರು. ಗಲ್ಲಿಯಲ್ಲಿ ಸುದ್ದಿ ಹೆಚ್ಚಿದ್ದ ದಿನ ಉಕ್ಕು ಹೆಚ್ಚು ಬೆಳೆಯಿತು, ಇದು ತಮಾಷೆಯಲ್ಲ, ಆಕೆಯ ಪುಸ್ತಕದಲ್ಲಿ ಬರೆದಿದೆ. ತ್ರಿಶಲಾ ಎಲ್ಲರಿಗೂ ಚಹಾ ಮಾಡಿ ಕೊಡುತ್ತಿದ್ದಳು. ಗ್ಯಾರೇಜಿನಲ್ಲಿ ಸ್ಪ್ಯಾನರ್ ಬಿಟ್ಟು ಬೇರೇನೂ ಹಿಡಿಯದವಳು, ಆ ಹನ್ನೊಂದು ದಿನ ಚಹಾದ ತಟ್ಟೆ ಹಿಡಿದು ಒಬ್ಬೊಬ್ಬರ ಮುಂದೆ ನಿಂತಳು. ಅವರ ಅಂಗೈಗಳಲ್ಲಿ ಗುಳ್ಳೆ ಎದ್ದಿದ್ದವು. ಇವರಲ್ಲಿ ಒಬ್ಬರೂ ರ‍್ಯಾಲಿ ಎಂದರೆ ಏನೆಂದು ನೋಡಿದವರಲ್ಲ.

ಎರಡನೇ ಸುತ್ತಿನ ತಪಾಸಣೆಗೆ ಬಡಿಗೇರ ಮಾಸ್ತರರೇ ಬಂದರು. ನಾನು ಮೊದಲು ಹೋಗಿ ಕೈಮುಗಿದೆ, ತಪ್ಪಾಯಿತು ಎಂದೆ. ಅವರು ತಲೆಯಾಡಿಸಿ ಡ್ರಿಲ್ಲು ತೆಗೆದುಕೊಂಡರು. ಹಳೆಯ ತೂತು ಬಿಟ್ಟು ಹೊಸ ಜಾಗದಲ್ಲಿ ಕೊರೆದರು. ಈ ಸಲ ಡ್ರಿಲ್ಲು ಕಿರುಚಿತು, ಮಾಸ್ತರರ ಹಣೆಯಲ್ಲಿ ಬೆವರು ಬಂತು. ಗೇಜು ತೋರಿಸಿದ್ದು ಎರಡು ಬಿಂದು ಆರು.

"ಇದು ಯಾವ ಯಂತ್ರಲೇ ಮಾಡಿದ್ರಿ?" ಎಂದು ಕೇಳಿದರು.

ತ್ರಿಶಲಾ ಹೇಳಿದಳು. ಮಾಸ್ತರ ಎಲ್ಲ ಕೇಳಿ, ಫಾರ್ಮಿಗೆ ಸಹಿ ಮಾಡಿ, ಪೆನ್ನಿನ ಮುಚ್ಚಳ ಹಾಕಿ, ಚಾವಣಿಯನ್ನು ಒಮ್ಮೆ ಕೈಯಿಂದ ಸವರಿದರು.

ಮರುದಿನ ಮೂರನೇ ಹಂತದವರೆಗೆ ನಾವು ಮೊದಲ ಸ್ಥಾನದಲ್ಲಿದ್ದೆವು. ನಾಲ್ಕನೇ ಹಂತದಲ್ಲಿ ಮುಂದಿನ ಕಾರಿನ ಧೂಳು ಇನ್ನೂ ಇಳಿದಿರಲಿಲ್ಲ. "ಬಲಕ್ಕ ನಾಕು, ಒಳಗ ಕಲ್ಲು, ಹುಷಾರ್" ಎಂದು ಓದಿದೆ; ನಾಕು ಅಂದರೆ ತಿರುವು ಎಷ್ಟು ಕಡಿದು ಎಂಬುದರ ಅಂಕಿ. ಒಳಗಿನ ಕಲ್ಲನ್ನು ತ್ರಿಶಲಾ ತಪ್ಪಿಸಿದಳು. ಹೊರ ಅಂಚಿನಲ್ಲಿ ಧೂಳಿನ ಕೆಳಗೆ ಮುರಕಲ್ಲಿನ ಇನ್ನೊಂದು ದಿಂಡು ಇತ್ತು, ಅದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಹಿಂದಿನ ಚಕ್ರ ಅದಕ್ಕೆ ಬಡಿಯಿತು. ಆಕಾಶ ಕಾಲ ಕೆಳಗೆ ಬಂತು, ಮತ್ತೆ ಮಣ್ಣು ಬಂತು, ಮತ್ತೆ ಆಕಾಶ. ಎರಡೂವರೆ ಸುತ್ತು ಉರುಳಿ, ದಾರಿಯ ಕೆಳಗಿನ ಗದ್ದೆಯಲ್ಲಿ ಕಾರು ತಲೆಕೆಳಗಾಗಿ ನಿಂತಿತು.

ಬೆಲ್ಟಿನಲ್ಲಿ ಜೋತಾಡುತ್ತ ನಾನು ತ್ರಿಶಲಾಳ ಹೆಸರು ಕರೆದೆ.

"ಕೂಗಬ್ಯಾಡ್ರಿ, ಇಲ್ಲೇ ಅದೇನಿ," ಎಂದಳು.

ನನ್ನ ತಲೆಗೂ ಚಾವಣಿಗೂ ನಡುವೆ ಒಂದು ಗೇಣು ಜಾಗ ಇತ್ತು. ಮೊದಲು ಎಷ್ಟಿತ್ತೋ ಅಷ್ಟೇ. ಆ ಒಂದು ಗೇಣನ್ನು ನಾನು ನೋಡುತ್ತಲೇ ಇದ್ದೆ. ಆಮೇಲೆ ಇಬ್ಬರೂ ಬೆಲ್ಟು ಬಿಚ್ಚಿ ಕಿಟಕಿಯಿಂದ ತೆವಳಿ ಹೊರಗೆ ಬಂದೆವು. ಆಕೆಯ ಮಣಿಕಟ್ಟು ಉಳುಕಿತ್ತು, ನನ್ನ ತುಟಿ ಒಡೆದಿತ್ತು. ಅದು ಬಿಟ್ಟು ಏನೂ ಇಲ್ಲ.

ರಕ್ಷಣಾ ಜೀಪಿನಲ್ಲಿ ಬಡಿಗೇರ ಮಾಸ್ತರರೂ ಬಂದರು. ಬಿದ್ದ ಕಾರನ್ನು ಪರೀಕ್ಷಿಸುವುದೂ ಅವರ ಕೆಲಸ. ನಾನು ಅವರ ಎರಡೂ ಕೈ ಹಿಡಿದುಕೊಂಡೆ. "ಆವತ್ತ ನೀವ್ ಸಹಿ ಹಾಕಿದ್ದರ ನಾವ್ ಇವತ್ತ ಇರ್ತಿರಲಿಲ್ರಿ ಸರ," ಎಂದೆ.

"ನಾ ಬರೇ ತೂತ ಕೊರದೇನಿ," ಎಂದರು ಅವರು. "ಮೊದಲ ಮನಿಗೆ ಫೋನ್ ಹಚ್ಚರಿ."

ಅವ್ವ ಒಂದೇ ರಿಂಗಿಗೆ ಎತ್ತಿದಳು. ಗಾಡಿ ಮಗುಚಿತು, ಇಬ್ಬರೂ ಆರಾಮ ಎಂದೆ. "ಆಕಿ ಕೈಯಾಗ ಕೊಡು," ಎಂದಳು. ತ್ರಿಶಲಾ ಫೋನ್ ತೆಗೆದುಕೊಂಡು, "ಅತ್ತಿ, ಒಂಚೂರೂ ಬಗ್ಗಿಲ್ರಿ," ಎಂದಳು. ಐದು ಸಲ ಸೋತಾಗಲೂ ಅಳದವಳು ಗದ್ದೆಯ ಬದುವಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಫೋನಿನ ಸ್ಪೀಕರ್ ಹಾಕಿದೆ. ಅವ್ವ ಬಾಗಿಲಿಗೆ ಹೋಗಿ ಗಲ್ಲಿಯ ಹೆಸರುಗಳನ್ನೆಲ್ಲ ಒಂದೊಂದಾಗಿ ಕೂಗುತ್ತಿದ್ದಳು. ಬಾಗಿಲು ತೆರೆಯುವ ಸದ್ದು, ಚಪ್ಪಲಿಯ ಸದ್ದು, ಎಲ್ಲರೂ ಒಟ್ಟಿಗೆ ಮಾತಾಡುವ ಗದ್ದಲ. ರಾಜಮತಿ ಕಾಕು ತನ್ನ ಮೂಲೆಯಿಂದಲೇ ಎಲ್ಲ ಉಳಿದದ್ದು ಎಂದು ಆಗಲೇ ಶುರುಮಾಡಿದ್ದಳು.

ಆ ಗದ್ದಲದ ನಡುವೆ ಕಾಶವ್ವನ ಸಣ್ಣ ಧ್ವನಿ ಫೋನಿನ ಹತ್ತಿರ ಬಂತು.

"ಧರಣೇಂದ್ರಾ, ಹಿಂದಿನ ಎಡಮೂಲಿ ನಂದಪಾ. ಅದು ಹೆಂಗ ಐತಿ? ಕಡೀ ಎರಡ ದಿನ ನನ್ನ ಕೈ ಸೋತಿದ್ದವು, ಯಾರಿಗೂ ಹೇಳಲಿಲ್ಲ. ಅದೊಂದ ಕಡೆ ಮುರೀತೋ ಏನೋ ಅಂತ ಮುಂಜಾನಿಯಿಂದ ಒಂದ ತುತ್ತು ಇಳಿದಿಲ್ಲ."

ನಾನು ಎದ್ದು ಕಾರಿನ ಹಿಂಬದಿಗೆ ಹೋದೆ. ಮುಂಭಾಗ ಬದುವಿಗೆ ಬರೀ ತಾಗಿತ್ತು. ಬಲಬದಿ ಗಾಳಿಯಲ್ಲಿ ಎದ್ದಿತ್ತು. ನೆಲಕ್ಕೆ ಮೊಣಕಾಲೂರಿ, ಮಣ್ಣು ಕೆರೆದು, ಕೈ ತೂರಿಸಿ ಆ ಮೂಲೆಯನ್ನು ಮುಟ್ಟಿದೆ.

"ಕಾಶವ್ವಾ," ಎಂದೆ, "ಇಡೀ ಗಾಡಿ ಈಗ ನಿನ್ನ ಮೂಲಿ ಮ್ಯಾಲ ನಿಂತೈತಿ."